ಜಾವಾ ಮೋಟಾರ್ ಸೈಕಲ್ಲಿನ ಕ್ಲಚ್ಚು: ನಾಲ್ಕು ತಾಲ್ಲೂಕುಗಳ ಹಿನ್ನೆಲೆಯಲ್ಲಿ ಒಂದು ಐತಿಹಾಸಿಕ ವಿಚಾರ

ಇಂದಿನ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪ್ರದೇಶಗಳ ಇತಿಹಾಸವೆಂದೊಡನೆ ವಿದ್ವಾಂಸರ ದೃಷ್ಟಿಯು ಶಾಸನಗಳ ಕಡೆಗೂ ಮಹಾಪುರುಷರ ಕಡೆಗೂ ಹೋಗುವುದು ಸಹಜ. ಸಾಲೋಟಗಿಯ ರಾಷ್ಟ್ರಕೂಟ ಶಾಸನ, ಬಾಗೇವಾಡಿಯೊಡನೆ ಬೆಸೆದುಕೊಂಡಿರುವ ಬಸವಣ್ಣನವರ ಚರಿತ್ರೆ, 1565ರ ಯುದ್ಧಕ್ಕೆ ಹೆಸರಿತ್ತ ತಾಳಿಕೋಟೆ, ಇವುಗಳ ಮುಂದೆ ಒಂದು ಮೋಟಾರ್ ಸೈಕಲ್ಲಿನ ಕ್ಲಚ್ಚು ತೀರ ಅಲ್ಪವಾದ ವಿಷಯವೆಂದು ತೋರಬಹುದು. ಆದರೆ ಯಂತ್ರದ ಇತಿಹಾಸವು ಕಾರ್ಖಾನೆಯ ಬಾಗಿಲಿನಲ್ಲಿ ಮುಗಿಯತಕ್ಕದ್ದಲ್ಲ. ಅದರ ಉತ್ತರಾರ್ಧವು ರಸ್ತೆಯ ಮೇಲೂ ದುರಸ್ತಿಯ ಅಂಗಡಿಯಲ್ಲೂ ನಡೆಯುತ್ತದೆ. ಪೂರ್ವಾರ್ಧಕ್ಕೆ ನಕ್ಷೆಗಳೂ ಒಪ್ಪಂದಪತ್ರಗಳೂ ಸಾಕ್ಷಿಯಾಗಿರುತ್ತವೆ; ಉತ್ತರಾರ್ಧಕ್ಕೆ ಸವೆದ ಬಿಡಿಭಾಗಗಳೂ ಮಿಸ್ತ್ರಿಗಳ ನೆನಪೂ ಮಾತ್ರ ಸಾಕ್ಷಿ. ಈ ಎರಡನೆಯ ಬಗೆಯ ಸಾಕ್ಷ್ಯವನ್ನು ಓದುವ ಕ್ರಮವೇನೆಂಬುದನ್ನು ಒಂದೇ ಒಂದು ಯಂತ್ರಾಂಗವನ್ನು ಹಿಡಿದು ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲು ಪೂರ್ವಾರ್ಧವನ್ನು ಸಂಕ್ಷೇಪವಾಗಿ ನೋಡೋಣ. 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡನು. ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ 'ಜಾವಾ' ಎಂಬ ಹೆಸರಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ನಾಜಿ ಆಕ್ರಮಣದ ಕೆಳಗೆ, ಅಲ್ಲಿನ ಎಂಜಿನಿಯರುಗಳು ಗುಟ್ಟಾಗಿ ರೂಪಿಸಿದ 250 ಸಿ.ಸಿ. ವಾಹನವು 1946ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಲೋಕದ ಕಣ್ಣಿಗೆ ಬಿತ್ತು. ಗೇರಿನ ಸನ್ನೆಯನ್ನು ಒತ್ತಿದೊಡನೆ ಕ್ಲಚ್ಚು ತಾನಾಗಿಯೇ ಬಿಡುವ ಏರ್ಪಾಡು ಅದರ ವೈಶಿಷ್ಟ್ಯಗಳಲ್ಲೊಂದು. ಮುಂದೆ 1950ರ ದಶಕದ ಮಾದರಿಗಳಲ್ಲಿ ಕಿಕ್ಕಿನ ಸನ್ನೆಯೂ ಗೇರಿನ ಸನ್ನೆಯೂ ಒಂದೇ ಆದುವು.

ಇತ್ತ ಸ್ವತಂತ್ರ ಭಾರತವು ವಿದೇಶೀ ವಾಹನಗಳ ಆಮದನ್ನು ಬಿಗಿಗೊಳಿಸಿ, ದೇಶದಲ್ಲಿಯೇ ತಯಾರಿಕೆಯನ್ನು ಪ್ರೋತ್ಸಾಹಿಸುವ ನೀತಿಯನ್ನು ಹಿಡಿಯಿತು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಸಂಸ್ಥೆ ಕಾಲೂರಿತು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರು ಮೈಸೂರಿನ ಯಾದವಗಿರಿಯಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಉತ್ಪಾದನೆಗೆ ತೊಡಗಿತು. ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1970ರ ದಶಕದ ಮೊದಲ ಭಾಗದಲ್ಲಿ ಜಾವಾ ಎಂಬ ಹೆಸರು ಹೋಗಿ 'ಯೆಜ್ದಿ' ಎಂಬ ಹೆಸರು ಬಂದಿತು; ಕ್ಲಚ್ಚಿನ ಮೂಲತತ್ತ್ವ ಮಾತ್ರ ಬದಲಾಗಲಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ವಾಹನಗಳು ಭಾರತದ ಮಾರುಕಟ್ಟೆಗೆ ಮರಳಿ ಬಂದವಾದರೂ ಅವು ನಾಲ್ಕು ಹೊಡೆತದ ಹೊಸ ಎಂಜಿನಿನವು. ಹಳೆಯ ಎರಡು ಹೊಡೆತದ ವಾಹನದೊಡನೆ ಅವುಗಳಿಗಿರುವುದು ಹೆಸರಿನ ಮತ್ತು ಹೊರರೂಪದ ನಂಟು.

ಇನ್ನು ನಾಲ್ಕು ತಾಲ್ಲೂಕುಗಳ ಕಡೆಗೆ ತಿರುಗೋಣ. ಇವು 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ರಾಜ್ಯಗಳ ಪುನರ್ವಿಂಗಡಣೆಯಿಂದ ಮೈಸೂರು ರಾಜ್ಯಕ್ಕೆ ಬಂದವು. ಮೈಸೂರು ನಗರಕ್ಕೂ ಇವಕ್ಕೂ ಬಹಳ ಅಂತರ. ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ, ನಡುವೆ ಡೋಣಿ. ಬಹುಭಾಗ ಎರೆ ಭೂಮಿ. ಗದಗು-ಹೊಟಗಿ ರೈಲುಮಾರ್ಗವು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಸೀಮೆಯನ್ನು ಹಾದುಹೋಯಿತು. ಆದರೆ 'ಇಂಡಿ ರೋಡ್', 'ಬಸವನ ಬಾಗೇವಾಡಿ ರೋಡ್' ಎಂಬ ನಿಲ್ದಾಣಗಳ ಹೆಸರೇ ಹೇಳುವಂತೆ, ರೈಲು ಊರಿನವರೆಗೆ ಬರಲಿಲ್ಲ. ಸಿಂದಗಿ, ಮುದ್ದೇಬಿಹಾಳಗಳು ಆ ಮಾರ್ಗದಿಂದ ಇನ್ನೂ ದೂರ. ಇಂತಹ ಸೀಮೆಯಲ್ಲಿ ಊರಿಂದೂರಿಗೆ ಹೋಗಬೇಕಾದವನಿಗೆ 'ಫಟಫಟಿ'ಯು ಒಂದು ಸೌಕರ್ಯವೆನ್ನುವುದಕ್ಕಿಂತ ಅವಶ್ಯಕತೆಯಾಗಿತ್ತೆಂದರೆ ತಪ್ಪಾಗಲಾರದು.

ಈ ನೆಲವು ಕ್ಲಚ್ಚಿಗೆ ಒಡ್ಡುವ ಪರೀಕ್ಷೆಯನ್ನು ಅರಿಯಬೇಕಾದರೆ ಕ್ಲಚ್ಚಿನ ಕೆಲಸವೇನೆಂಬುದನ್ನು ತಿಳಿಯಬೇಕು. ಎಂಜಿನಿನ ಶಕ್ತಿಯನ್ನು ಗೇರಿಗೆ ಮುಟ್ಟಿಸುವುದು, ಬೇಕಾದಾಗ ತಡೆಯುವುದು, ಇವೆರಡೇ ಅದರ ಕೆಲಸ. ಕಾರ್ಕಿನ ಬಿಲ್ಲೆಗಳನ್ನು ಕೂರಿಸಿದ ತಟ್ಟೆಗಳೂ ಬರಿಯ ಉಕ್ಕಿನ ತಟ್ಟೆಗಳೂ ಒಂದರ ಪಕ್ಕದಲ್ಲೊಂದು ಎಣ್ಣೆಯಲ್ಲಿ ಮುಳುಗಿರುತ್ತವೆ. ಸ್ಪ್ರಿಂಗುಗಳು ಅವನ್ನು ಬಿಗಿಯಾಗಿ ಅದುಮಿರುತ್ತವೆ. ಒಂದು ಸರಳು ಒತ್ತಿದಾಗ ಅವು ಸಡಿಲುತ್ತವೆ. ಆದುದರಿಂದ ದೋಷಗಳೂ ಮೂಲತಃ ಎರಡೇ. ತಟ್ಟೆಗಳು ಹಿಡಿಯಬೇಕಾದಾಗ ಹಿಡಿಯದಿದ್ದರೆ ಕ್ಲಚ್ಚು 'ಸ್ಲಿಪ್' ಆಗುತ್ತದೆ. ಬಿಡಬೇಕಾದಾಗ ಬಿಡದಿದ್ದರೆ ಗೇರು ಕಿರುಗುಟ್ಟುತ್ತದೆ, ನಿಂತ ಗಾಡಿ ಮುಂದಕ್ಕೆ ಎಳೆಯುತ್ತದೆ.

ಜಾವಾದ ವಿಶೇಷವೆಂದರೆ ಆ ಸರಳನ್ನು ಒತ್ತುವ ಅಧಿಕಾರ ಕೈಗೂ ಇದೆ, ಕಾಲಿಗೂ ಇದೆ. ನಿಂತಲ್ಲಿಂದ ಹೊರಡುವಾಗ ಕೈಯ ಸನ್ನೆ ಬೇಕು. ಓಡುವಾಗ ಗೇರು ಬದಲಿಸಲು ಕಾಲೊಂದೇ ಸಾಕು. ಪರೀಕ್ಷೆಯ ಮೊದಲ ಸೂತ್ರ ಹುಟ್ಟುವುದು ಇಲ್ಲಿಯೇ. ಕೈಸನ್ನೆ ಹಿಡಿದು ಬದಲಿಸಿದಾಗ ಗೇರು ಮೆತ್ತಗೆ ಬಿದ್ದು, ಕಾಲಿನಿಂದಷ್ಟೇ ಬದಲಿಸಿದಾಗ ಕಿರುಗುಟ್ಟಿದರೆ ದೋಷವು ತಟ್ಟೆಗಳದಲ್ಲ, ಒಳಗಿನ ಸನ್ನೆಯ ಹೊಂದಾಣಿಕೆಯದು. ಎರಡು ರೀತಿಯಲ್ಲಿಯೂ ಕಿರುಗುಟ್ಟಿದರೆ ಮಾತ್ರ ತಟ್ಟೆ, ಎಣ್ಣೆ, ಸ್ಪ್ರಿಂಗುಗಳನ್ನು ಸಂಶಯಿಸಬೇಕು. ಹೊಂದಿಸುವಾಗ ಕೇಬಲ್ಲನ್ನು ಸಡಿಲಬಿಟ್ಟು ಮೊದಲು ಒಳಗಿನ ತಿರುಪನ್ನೂ ಅನಂತರ ಕೇಬಲ್ಲನ್ನೂ ಸರಿಪಡಿಸಬೇಕು. ಎರಡರಲ್ಲಿಯೂ ಸ್ವಲ್ಪ ಸಡಿಲು ಉಳಿಯಬೇಕು. ಸಡಿಲಿಲ್ಲದಿದ್ದರೆ ಸರಳು ಸದಾ ತಟ್ಟೆಗಳನ್ನು ಒತ್ತುತ್ತಲೇ ಇದ್ದು, ಹೊಸ ತಟ್ಟೆಗಳೂ ಬೇಗನೆ ಸುಟ್ಟುಹೋಗುತ್ತವೆ.

ಸವಾರನ ಅಭ್ಯಾಸವೂ ಇದೇ ಫಲವನ್ನು ಕೊಡುತ್ತದೆ. ಗೇರಿನ ಸನ್ನೆಯ ಮೇಲೆ ಕಾಲಿಟ್ಟುಕೊಂಡೇ ಓಡಿಸುವವನು ತನಗೆ ತಿಳಿಯದಂತೆ ಕ್ಲಚ್ಚನ್ನು ಅರೆ ಒತ್ತಿರುತ್ತಾನೆ. ಬೇರೆ ವಾಹನಗಳಲ್ಲಿ ನಿರಪಾಯವಾದ ಈ ಚಾಳಿ ಜಾವಾದಲ್ಲಿ ತಟ್ಟೆಗಳಿಗೆ ಮಾರಕ. ಮಳೆಗಾಲದಲ್ಲಿ ಎರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಗಾಡಿಯನ್ನು ತಡೆದಾಗ, ಸವಾರನು ಎಂಜಿನನ್ನು ಜೋರುಮಾಡಿ ಕ್ಲಚ್ಚನ್ನು ಅರ್ಧ ಬಿಟ್ಟು ದಾಟಲು ಯತ್ನಿಸುತ್ತಾನೆ. ತಟ್ಟೆಗಳು ಉಜ್ಜಿ ಕಾವೇರುತ್ತವೆ, ಕಾರ್ಕು ಕಪ್ಪಾಗಿ ನುಣುಪಾಗುತ್ತದೆ. ಅಲ್ಲಿಂದ ಮುಂದೆ ಏರಿನಲ್ಲಿ ಎಂಜಿನಿನ ಸದ್ದು ಏರುತ್ತದೆ, ವೇಗ ಏರುವುದಿಲ್ಲ.

ಎಣ್ಣೆಯ ಸಾಕ್ಷ್ಯವೂ ಮುಖ್ಯವಾದುದು. ಎರಡು ಹೊಡೆತದ ಎಂಜಿನಿಗೆ ಪೆಟ್ರೋಲಿನೊಡನೆ ಬೆರೆತ ಎಣ್ಣೆ ಒಂದು. ಗೇರಿಗೂ ಕ್ಲಚ್ಚಿಗೂ ಇರುವ ಎಣ್ಣೆ ಇನ್ನೊಂದು. ಇವೆರಡರ ನಡುವಿನ ಆಯಿಲ್ ಸೀಲು ಸವೆದರೆ ಎಂಜಿನು ಕ್ಲಚ್ಚಿನ ಕಡೆಯ ಎಣ್ಣೆಯನ್ನು ಹೀರಿ ದಟ್ಟವಾದ ಬಿಳಿಹೊಗೆಯನ್ನು ಉಗುಳುತ್ತದೆ. ಹೊಗೆಯನ್ನು ಕಂಡು ಪೆಟ್ರೋಲಿನ ಮಿಶ್ರಣವನ್ನೇ ತಿದ್ದುತ್ತ ಕುಳಿತರೆ ಕ್ಲಚ್ಚು ಎಣ್ಣೆಯಿಲ್ಲದೆ ಕೆಡುತ್ತದೆ. ಈಚಿನ ದಿನಗಳಲ್ಲಿ ಇನ್ನೊಂದು ಕಾರಣವೂ ಸೇರಿದೆ: ಕಾರುಗಳಿಗೆಂದು ತಯಾರಾಗುವ ಕೆಲವು ಎಣ್ಣೆಗಳಲ್ಲಿ ಘರ್ಷಣೆಯನ್ನು ಕುಗ್ಗಿಸುವ ದ್ರವ್ಯಗಳಿದ್ದು, ಅವು ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚನ್ನು ಜಾರಿಸುತ್ತವೆ. ಗಾಡಿ ಬಹುಕಾಲ ನಿಂತಿದ್ದರೆ ಇದಕ್ಕೆ ವಿರುದ್ಧವಾದ ದೋಷ: ತಟ್ಟೆಗಳು ಒಂದಕ್ಕೊಂದು ಅಂಟಿ ಬಿಡುವುದೇ ಇಲ್ಲ. ತಟ್ಟೆಗಳ ಹಲ್ಲುಗಳು ಡ್ರಮ್ಮಿನ ಸೀಳುಗಳಲ್ಲಿ ಕಚ್ಚು ಬೀಳಿಸಿದ್ದರೂ ಇದೇ ತೊಂದರೆ; ಆಗ ಅರದಿಂದ ತಿಕ್ಕಿ ನಯಮಾಡಬೇಕಾಗುತ್ತದೆ.

ಈ ವಿವರಗಳಿಂದ ನಾವು ತಲುಪುವ ನಿರ್ಣಯವಿಷ್ಟು. ದುರಸ್ತಿಯೆಂಬುದು ಕೈಚಳಕ ಮಾತ್ರವಲ್ಲ. ಅದು ಲಕ್ಷಣದಿಂದ ಕಾರಣಕ್ಕೆ ಹೋಗುವ ತರ್ಕ. ಬಹಿರಂಗ ಲಕ್ಷಣ ಒಂದೇ ಆಗಿದ್ದರೂ ಕಾರಣಗಳು ಬೇರೆಬೇರೆಯಾಗಿರುವುದರಿಂದ, ಒಂದೊಂದನ್ನಾಗಿ ತಳ್ಳಿಹಾಕುತ್ತ ಹೋಗುವ ವಿವೇಕ ಇದಕ್ಕೆ ಬೇಕು. ಒಂದೇ ಶಾಸನದ ಹಲವು ಪಾಠಗಳ ನಡುವೆ ಗ್ರಾಹ್ಯವಾದುದನ್ನು ಆರಿಸುವ ವಿದ್ವಾಂಸನ ವಿವೇಕ ಇದಕ್ಕಿಂತ ಬೇರೆಯಾದುದಲ್ಲ. ಪ್ರಾಗ್‌ನಲ್ಲಿ ಕಲ್ಪಿತವಾಗಿ ಮೈಸೂರಿನಲ್ಲಿ ತಯಾರಾದ ಯಂತ್ರವು ಎರೆ ಭೂಮಿಯಲ್ಲಿ ಬಾಳಬೇಕಾದರೆ, ಕೈಪಿಡಿಯ ಜ್ಞಾನಕ್ಕೆ ಸ್ಥಳದ ಜ್ಞಾನವೂ ಸೇರಬೇಕಾಗಿತ್ತು. ಕಾರ್ಖಾನೆ ಮುಚ್ಚಿ ಬಿಡಿಭಾಗಗಳ ನೇರ ಪೂರೈಕೆ ನಿಂತ ಮೇಲಂತೂ ಹಳೆಯ ತಟ್ಟೆಗೆ ಹೊಸ ಕಾರ್ಕು ಕೂರಿಸುವಂತಹ ವಿದ್ಯೆಯ ಬೆಲೆ ಹೆಚ್ಚಿತು.

ಆದರೆ 1961ರ ವಾಹನಗಳು ಹೊಸದಾಗಿದ್ದಾಗ ಇಪ್ಪತ್ತರ ಹರೆಯದಲ್ಲಿದ್ದ ಮಿಸ್ತ್ರಿಗೆ ಇಂದು ಎಂಬತ್ತು ಮೀರಿದೆ. ಕಾರ್ಖಾನೆಯ ಚರಿತ್ರೆಯನ್ನು ಬರೆಯಲು ಮುಂದೆಯೂ ಸಾಧ್ಯವಾದೀತು. ಈ ಜ್ಞಾನದ ಚರಿತ್ರೆಯನ್ನು ಬರೆಯಲು ಹೆಚ್ಚು ಕಾಲವಿಲ್ಲ. ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ತಾಲ್ಲೂಕುವಾರಾಗಿ ಹಳೆಯ ಗ್ಯಾರೇಜುಗಳನ್ನು ಗುರುತಿಸಿ, ಅಲ್ಲಿ ಬಳಕೆಯಲ್ಲಿರುವ ಮಾತುಗಳನ್ನೂ ಪರೀಕ್ಷಾಕ್ರಮಗಳನ್ನೂ ಬರೆದಿಟ್ಟುಕೊಳ್ಳಬೇಕು. ಸವೆದ ತಟ್ಟೆ, ಕಚ್ಚುಬಿದ್ದ ಡ್ರಮ್ಮುಗಳು ಗುಜರಿಗೆ ಹೋಗುವ ಮೊದಲು ಕೆಲವನ್ನಾದರೂ ಕಾಲೇಜಿನ ಸಂಗ್ರಹಾಲಯಕ್ಕೆ ತರಬೇಕು. ಈ ಕಾರ್ಯಕ್ಕೆ ವಿಶೇಷ ಧನಸಹಾಯದ ಅಗತ್ಯವಿಲ್ಲ. ಕೇಳುವ ತಾಳ್ಮೆಯೂ ಬರೆಯುವ ನಿಷ್ಠೆಯೂ ಇದ್ದರೆ ಸಾಕು.