ತಿಗಣೆ: ಪತ್ತೆ ಮತ್ತು ನಿವಾರಣೆಯ ಚರಿತ್ರೆ

ತಿಗಣೆಯು ಮನುಷ್ಯನ ರಕ್ತ ಕುಡಿದು, ಅವನು ಮಲಗುವ ಮತ್ತು ಕೂರುವ ಜಾಗಗಳ ಸಂದುಗೊಂದುಗಳಲ್ಲಿ ಅಡಗಿ ಬಾಳುವ, ರೆಕ್ಕೆಯಿಲ್ಲದ, ಚಪ್ಪಟೆ ಮೈಯ ಕೀಟ. ಚುಚ್ಚಿ ಹೀರುವ ಬಾಯಿಯುಳ್ಳ ಕೀಟಗಳ ಗಣವಾದ ಹೆಮಿಪ್ಟೆರದಲ್ಲಿ ಸಿಮಿಸಿಡೇ ಎಂಬ ಕುಟುಂಬಕ್ಕೆ ಇದು ಸೇರುತ್ತದೆ. ಈ ಕುಟುಂಬದ ಸುಮಾರು ನೂರು ಪ್ರಭೇದಗಳಲ್ಲಿ ಹೆಚ್ಚಿನವು ಬಾವಲಿ ಮತ್ತು ಹಕ್ಕಿಗಳನ್ನು ಆಶ್ರಯಿಸಿದ್ದು, ಮನುಷ್ಯನ ಮನೆಯಲ್ಲಿ ನೆಲೆಯೂರಿರುವವು ಮುಖ್ಯವಾಗಿ ಎರಡೇ: 1758ರಲ್ಲಿ ಲಿನೇಯಸ್ ಹೆಸರಿಸಿದ, ತಂಪು ನಾಡುಗಳ ಸೈಮೆಕ್ಸ್ ಲೆಕ್ಟುಲೇರಿಯಸ್ ಮತ್ತು 1803ರಲ್ಲಿ ಫೆಬ್ರೀಷಿಯಸ್ ವರ್ಣಿಸಿದ, ಉಷ್ಣವಲಯದ ಸೈಮೆಕ್ಸ್ ಹೆಮಿಪ್ಟೆರಸ್. ದಕ್ಷಿಣ ಭಾರತದ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎರಡನೆಯದು. ಹೇನು ಮನುಷ್ಯನ ಮೈಮೇಲೆಯೇ ಸಂಸಾರ ಹೂಡಿದರೆ, ತಿಗಣೆ ಐದು ಹತ್ತು ನಿಮಿಷಗಳಲ್ಲಿ ಹೊಟ್ಟೆ ತುಂಬಿಸಿಕೊಂಡು ಮೈಬಿಟ್ಟು ಇಳಿದು ತನ್ನ ಬಿರುಕಿಗೆ ಮರಳುತ್ತದೆ. ಆದ್ದರಿಂದಲೇ ಇದರ ವಿರುದ್ಧ ನಡೆದ ಹೋರಾಟದ ಚರಿತ್ರೆಯು ದೇಹಶುಚಿಯ ಚರಿತ್ರೆಗಿಂತ ಹೆಚ್ಚಾಗಿ ಮಂಚ, ಗೋಡೆ, ಪೀಠೋಪಕರಣ ಮತ್ತು ಬಾಡಿಗೆ ಕೋಣೆಗಳ ಚರಿತ್ರೆಯಾಗಿದೆ.

ತಿಗಣೆಯ ಮೂಲವನ್ನು ಗುಹೆಗಳಲ್ಲಿ ಹುಡುಕುವುದು ವಾಡಿಕೆ. ಬಾವಲಿಗಳ ರಕ್ತ ಹೀರುತ್ತಿದ್ದ ಕೀಟವು, ಅದೇ ಗುಹೆಯಲ್ಲಿ ತಂಗಿದ ಮನುಷ್ಯನ ಮೇಲೂ ಬಾಯಿ ಹಾಕಲು ಕಲಿತು, ಅವನು ಗುಡಿಸಲು ಕಟ್ಟಿಕೊಂಡು ಹೊರಟಾಗ ಅವನ ಜೊತೆಗೇ ಹೊರಟಿತು ಎಂಬ ಊಹೆಗೆ, ಯುರೋಪಿನಲ್ಲಿ ಬಾವಲಿಯ ಮೇಲೆ ಬದುಕುವ ತಿಗಣೆಗಳಿಗೂ ಮನೆಯ ತಿಗಣೆಗಳಿಗೂ ಇರುವ ಹತ್ತಿರದ ನಂಟು ಆಧಾರ. ಆದರೆ ಈ ವಂಶದ ಮೊದಲ ಆಶ್ರಯದಾತ ಬಾವಲಿಯೇ ಎಂಬ ನಂಬಿಕೆ ಈಗ ಉಳಿದಿಲ್ಲ. 2019ರಲ್ಲಿ ಪ್ರಕಟವಾದ ವಂಶವೃಕ್ಷದ ಅಧ್ಯಯನವು ಸಿಮಿಸಿಡೇ ಕುಟುಂಬದ ಹುಟ್ಟನ್ನು ಸುಮಾರು 11.5 ಕೋಟಿ ವರ್ಷಗಳ ಹಿಂದಕ್ಕೆ ಒಯ್ದಿದ್ದು, ಆಗ ಬಾವಲಿಗಳೇ ಇನ್ನೂ ಹುಟ್ಟಿರಲಿಲ್ಲ. ಮನುಷ್ಯವಸತಿಯಲ್ಲಿ ತಿಗಣೆ ಇದ್ದುದಕ್ಕೆ ಪ್ರಸಿದ್ಧ ಪುರಾತನ ಸಾಕ್ಷ್ಯ ದೊರೆತಿರುವುದು ಈಜಿಪ್ಟಿನ ಅಮರ್ನಾದಲ್ಲಿ: ಕ್ರಿಸ್ತಪೂರ್ವ 14ನೆಯ ಶತಮಾನದ ಕೆಲಸಗಾರರ ಕೇರಿಯ ಅವಶೇಷಗಳಲ್ಲಿ ಇದರ ತುಣುಕುಗಳು ಸಿಕ್ಕಿದುದನ್ನು 1999ರಲ್ಲಿ ವರದಿಮಾಡಲಾಯಿತು.

ಗ್ರೀಕರಿಗೆ ಇದು ನಗೆಯ ವಸ್ತುವಾಗಿತ್ತು. ಕ್ರಿಸ್ತಪೂರ್ವ 423ರಲ್ಲಿ ಅಥೆನ್ಸಿನಲ್ಲಿ ಪ್ರಯೋಗಗೊಂಡ ಅರಿಸ್ಟೊಫೇನಿಸನ ‘ಮೋಡಗಳು’ ನಾಟಕದಲ್ಲಿ, ತತ್ತ್ವಚಿಂತನೆಗೆಂದು ಹಾಸಿಗೆಯ ಮೇಲೆ ಮಲಗಿಸಲ್ಪಟ್ಟ ಮುದುಕನು ಚಿಂತಿಸುವ ಬದಲು ತಿಗಣೆ ಕಡಿತಕ್ಕೆ ಒದ್ದಾಡುತ್ತಾನೆ. ರೋಮಿನ ಪ್ಲಿನಿಯು ಕ್ರಿಸ್ತಶಕ 1ನೆಯ ಶತಮಾನದಲ್ಲಿ ಇದನ್ನೇ ಹಾವಿನ ಕಡಿತಕ್ಕೆ ಮದ್ದೆಂದು ಬರೆದಿಟ್ಟನು. ಭಾರತದಲ್ಲಿ ಮತ್ಕುಣವೆಂಬ ಹೆಸರಿನಿಂದ ಇದು ಸಂಸ್ಕೃತ ಚಾಟುಪದ್ಯಗಳಲ್ಲಿ ದೇವತೆಗಳ ನಿದ್ದೆಯನ್ನೂ ಕೆಡಿಸುವ ಪ್ರಾಣಿಯಾಗಿ ಬರುತ್ತದೆ. ಇವೆಲ್ಲಕ್ಕಿಂತ ಕೀಟಶಾಸ್ತ್ರಜ್ಞನ ಗಮನಕ್ಕೆ ಅರ್ಹವಾದುದು ಪಂಚತಂತ್ರದ ಕಥೆ. ರಾಜನ ಹಾಸಿಗೆಯಲ್ಲಿ ಮಂದವಿಸರ್ಪಿಣಿ ಎಂಬ ಹೇನು, ಅವನು ಗಾಢನಿದ್ರೆಗೆ ಜಾರಿದ ಮೇಲೆ ಮಾತ್ರ ಮೆಲ್ಲಗೆ ರಕ್ತ ಹೀರುತ್ತ ಬಹುಕಾಲ ಸುಖವಾಗಿತ್ತು. ಅತಿಥಿಯಾಗಿ ಬಂದ ತಿಗಣೆ ಆಸೆ ತಡೆಯಲಾರದೆ ರಾಜನಿಗೆ ನಿದ್ದೆ ಹತ್ತುವ ಮೊದಲೇ ಕಚ್ಚಿ, ಅವನು ಎದ್ದು ಕೂಗುವಷ್ಟರಲ್ಲಿ ಮಂಚದ ಸಂದಿಗೆ ನುಸುಳಿತು. ದೀಪ ಹಿಡಿದು ಹುಡುಕಿದ ಸೇವಕರ ಕೈಗೆ ಸಿಕ್ಕಿ ಸತ್ತದ್ದು ಬಟ್ಟೆಯ ಮಡಿಕೆಯಲ್ಲಿದ್ದ ಹೇನು. ಅಪರಿಚಿತನಿಗೆ ಆಶ್ರಯ ಕೊಡಬಾರದೆಂಬ ನೀತಿಗಾಗಿ ಹೇಳಿದ ಕಥೆಯಾದರೂ, ಕಚ್ಚಿದ್ದು ಯಾವುದು, ಸಿಕ್ಕಿದ್ದು ಯಾವುದು, ಅಪರಾಧಿ ಎಲ್ಲಿ ಅಡಗಿದೆ ಎಂಬ ಮೂರು ವಿಷಯಗಳಲ್ಲೂ ಇದರ ವಿವರ ಇಂದಿನ ಪ್ರಾಣಿಶಾಸ್ತ್ರಕ್ಕೆ ಒಪ್ಪುವಂತಿದೆ.

ಕೊಲ್ಲದೆ ಪೋಷಿಸಿದ ಉದಾಹರಣೆಯೂ ಭಾರತದ್ದೇ. 1689ರಲ್ಲಿ ಸೂರತ್ತಿಗೆ ಬಂದ ಆಂಗ್ಲ ಪಾದ್ರಿ ಜಾನ್ ಓವಿಂಗ್ಟನ್, ಅಲ್ಲಿನ ಪ್ರಾಣಿಗಳ ಆಸ್ಪತ್ರೆಯ ಬಳಿ ತಿಗಣೆ ಚಿಗಟಗಳ ರಕ್ಷಣೆಗೆಂದೇ ಒಂದು ಮನೆಯಿದ್ದು, ಅವುಗಳಿಗೆ ಆಹಾರವಾಗಲೆಂದು ಬಡವನೊಬ್ಬನಿಗೆ ಕೂಲಿ ಕೊಟ್ಟು ಆಗಾಗ ರಾತ್ರಿಯಿಡೀ ಅಲ್ಲಿನ ಮಂಚದ ಮೇಲೆ ಮಲಗಿಸುತ್ತಿದ್ದರೆಂದು ಬರೆದಿದ್ದಾನೆ. ಪರದೇಶಿ ಪ್ರವಾಸಿಗಳ ಬರಹದಲ್ಲಿ ಬೆರಗಿನ ಉಪ್ಪುಖಾರ ತುಸು ಹೆಚ್ಚಿರುವುದು ಸಹಜವೆಂಬುದನ್ನು ನೆನಪಿಟ್ಟೇ ಈ ವರದಿಯನ್ನು ಓದಬೇಕು.

ತಿಗಣೆಯ ಗುರುತು ಹಿಡಿಯುವುದು ಎಷ್ಟು ಕಷ್ಟವೆಂಬುದಕ್ಕೆ ಇಂಗ್ಲೆಂಡಿನ ಆರಂಭಿಕ ದಾಖಲೆಯೇ ನಿದರ್ಶನ. 1583ರಲ್ಲಿ ಲಂಡನ್ ಸಮೀಪದ ಮಾರ್ಟ್‌ಲೇಕ್‌ನಲ್ಲಿ ಇಬ್ಬರು ಕುಲೀನ ಸ್ತ್ರೀಯರು ಮೈಮೇಲೆ ಎದ್ದ ಕಲೆಗಳನ್ನು ಕಂಡು ಪ್ಲೇಗ್ ತಗುಲಿತೆಂದು ಹೆದರಿ ವೈದ್ಯ ಥಾಮಸ್ ಪೆನ್ನಿಯನ್ನು ಕರೆಸಿದರು. ಆತ ಕಲೆಗಳಿಗೆ ಕಾರಣವಾದ ಕೀಟಗಳನ್ನೇ ಹಿಡಿದು ತೋರಿಸಿ ಅವರ ಭಯ ಕಳೆದನೆಂದು, 1634ರಲ್ಲಿ ಅಚ್ಚಾದ ಥಾಮಸ್ ಮಫೆಟ್‌ನ ಕೀಟಗ್ರಂಥ ಹೇಳುತ್ತದೆ. 1730ರಲ್ಲಿ ತಿಗಣೆಯ ಬಗೆಗೇ ಒಂದು ಪುಸ್ತಿಕೆ ಬರೆದ ಜಾನ್ ಸೌತಾಲ್, 1666ರ ಮಹಾಬೆಂಕಿಯ ನಂತರ ಲಂಡನ್ನನ್ನು ಮರಳಿ ಕಟ್ಟಲು ತರಿಸಿದ ಮರದ ದಿಮ್ಮಿಗಳೊಡನೆ ಇವು ಬಂದುವೆಂದು ವಾದಿಸಿದನಾದರೂ, ಮಾರ್ಟ್‌ಲೇಕ್ ಪ್ರಸಂಗದ ಮುಂದೆ ಆ ವಾದ ನಿಲ್ಲುವುದಿಲ್ಲ. ಸೌತಾಲ್‌ನ ನಿಜವಾದ ಆಸಕ್ತಿ ತನ್ನ ಔಷಧದ ಮಾರಾಟದಲ್ಲಿತ್ತು. 1726ರಲ್ಲಿ ಜಮೈಕಾದಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ಕಪ್ಪು ಜನಾಂಗದ ಮುದುಕನೊಬ್ಬನಿಂದ ಕಲಿತ ದ್ರಾವಣವನ್ನು ಅವನು ಗುಟ್ಟು ಬಿಟ್ಟುಕೊಡದೆ ಮಾರಿದನು. ಹಾಗಿದ್ದರೂ ಕೀಟವನ್ನು ಸಾಕಿ, ಮೊಟ್ಟೆಯಿಂದ ಮೊದಲ್ಗೊಂಡು ಅದರ ಬೆಳವಣಿಗೆಯನ್ನು ಗಮನಿಸಿ ಬರೆದ ಶ್ರೇಯಸ್ಸು ಅವನಿಗೆ ಸಲ್ಲಬೇಕು. 19ನೆಯ ಶತಮಾನದ ನಡುವಿನಲ್ಲಿ ಲಂಡನ್ನಿನ ದುಡಿಯುವ ಜನರ ಬದುಕನ್ನು ದಾಖಲಿಸಿದ ಹೆನ್ರಿ ಮೇಹ್ಯೂ, ಅರಮನೆಗೆ ತಿಗಣೆ ಹಿಡಿಯುವ ಟಿಫಿನ್ ಮನೆತನದವನನ್ನು ಮಾತನಾಡಿಸಿದ್ದನು. ಸಿರಿವಂತರ ಮನೆಗಳಲ್ಲಿ ಮಾತ್ರ ಗುತ್ತಿಗೆ ಹಿಡಿದು ವರ್ಷವರ್ಷವೂ ಹೋಗಿ ಪರೀಕ್ಷಿಸುವುದು ಈತನ ಪದ್ಧತಿ. ತಿಗಣೆ ಬಡವರ ಮನೆಯ ಪಿಡುಗೆಂಬ ರೂಢಿಯ ಮಾತನ್ನು ಒಪ್ಪುವವರು ಈ ವೃತ್ತಿಯ ಗಿರಾಕಿಗಳು ಯಾರಾಗಿದ್ದರೆಂಬುದನ್ನೂ ನೋಡಬೇಕು. ಬಡವನಿಗೂ ಸಿರಿವಂತನಿಗೂ ಇದ್ದ ವ್ಯತ್ಯಾಸ ತಿಗಣೆ ಬರುವುದರಲ್ಲಿರಲಿಲ್ಲ, ಅದನ್ನು ತೆಗೆಸಲು ಹಣ ಇರುವುದರಲ್ಲಿತ್ತು.

ಮೂಗಿಗೆ ಬಡಿಯುವ ವಾಸನೆ, ಮೈಮೇಲಿನ ದದ್ದು ಎಂಬ ಜನಪ್ರಿಯ ಗುರುತುಗಳು ಎರಡೂ ಪೂರ್ತಿ ನಂಬಲರ್ಹವಲ್ಲ. ಆಲ್ಡಿಹೈಡ್ ಎಂಬ ರಾಸಾಯನಿಕಗಳಿಂದ ಹುಟ್ಟುವ ವಾಸನೆ ಮನೆಯವರ ಮೂಗಿಗೆ ತಿಳಿಯುವುದು ಕೀಟಗಳ ಸಂಖ್ಯೆ ವಿಪರೀತವಾದ ಮೇಲೆ. ಕಡಿತಕ್ಕಾದರೋ ಒಬ್ಬೊಬ್ಬರ ಚರ್ಮ ಒಂದೊಂದು ಬಗೆಯಲ್ಲಿ ಪ್ರತಿಕ್ರಿಯಿಸುವುದರಿಂದ, ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರಿಗೆ ಸಾಲುಸಾಲು ಗಂಧೆಗಳು ಏಳಬಹುದು, ಇನ್ನೊಬ್ಬರಿಗೆ ಏನೂ ಆಗದಿರಬಹುದು. ಸೊಳ್ಳೆಯ ಕಡಿತವೆಂದು ತಿಳಿದು ತಿಂಗಳುಗಟ್ಟಲೆ ಸುಮ್ಮನಿರುವವರೂ ಉಂಟು. ಖಚಿತವಾದ ಗುರುತುಗಳನ್ನು ಹಾಸಿಗೆಯ ಹೊಲಿಗೆಯ ಅಂಚು, ಮಂಚದ ಕೀಲುಗಳು, ತಲೆದಿಂಬಿನ ಮೂಲೆ, ಗೋಡೆಗೆ ತಗುಲಿಸಿದ ಪಟದ ಹಿಂಬದಿ ಮತ್ತು ವಿದ್ಯುತ್ ಸ್ವಿಚ್ಚಿನ ಚೌಕಟ್ಟಿನಲ್ಲಿ ಹುಡುಕಬೇಕು. ಅಲ್ಲಿ ಮೊದಲು ಕಾಣುವುದು ಜೀರ್ಣವಾದ ರಕ್ತದ ಮಲದಿಂದಾದ ಕಪ್ಪು ಚುಕ್ಕೆಗಳು; ಇವುಗಳನ್ನು ಒದ್ದೆ ಬಟ್ಟೆಯಿಂದ ಉಜ್ಜಿದರೆ ಕೆಂಗಂದು ಬಣ್ಣ ಹರಡುತ್ತದೆ. ಅವುಗಳ ಸುತ್ತ ಮರಿಗಳು ಬಿಟ್ಟುಹೋದ ತೆಳು ಪೊರೆಗಳೂ, ಅಂಟಿಕೊಂಡಿರುವ, ಒಂದು ಮಿಲಿಮೀಟರ್ ಉದ್ದದ ಬಿಳಿ ಮೊಟ್ಟೆಗಳೂ ಇರುತ್ತವೆ. ಮೊಟ್ಟೆಯೊಡೆದ ಮರಿ ಐದು ಸಲ ಪೊರೆ ಕಳಚಿ ಬೆಳೆಯುತ್ತದೆ, ಪ್ರತಿ ಸಲ ಕಳಚುವ ಮೊದಲು ಒಮ್ಮೆಯಾದರೂ ರಕ್ತ ಕುಡಿಯಲೇಬೇಕು. ಬೆಳೆದ ಕೀಟದ ಉದ್ದ ಸುಮಾರು ಐದು ಮಿಲಿಮೀಟರ್; ಹಸಿದಾಗ ಕಂದು ಬಣ್ಣ ಮತ್ತು ಕಾಗದದಷ್ಟು ಚಪ್ಪಟೆ, ಕುಡಿದಾಗ ಕೆಂಪಾಗಿ ಉಬ್ಬಿದ ಮೈ. ತಂಪಿನಲ್ಲಿ ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲುದರಿಂದ, ಕೋಣೆಯನ್ನು ಕೆಲವು ವಾರ ಖಾಲಿ ಬಿಟ್ಟರೆ ತಿಗಣೆ ಸಾಯುತ್ತದೆಂಬ ಎಣಿಕೆ ಸುಳ್ಳಾಗುತ್ತದೆ.

ರಕ್ತ ಹೀರುವ ಕೀಟವೆಲ್ಲ ರೋಗ ಹರಡಬೇಕೆಂಬ ಶಂಕೆ ಇದರ ಮೇಲೂ ಬಿದ್ದಿತು. ಕಾಲಾ ಆಜಾರ್ ಎಂಬ ಮಾರಕ ಜ್ವರದ ಪರೋಪಜೀವಿಯು ತಿಗಣೆಯ ಹೊಟ್ಟೆಯಲ್ಲಿ ರೂಪ ಬದಲಿಸಿ ಬೆಳೆಯುವುದನ್ನು 1907ರಲ್ಲಿ ಮದರಾಸಿನಲ್ಲಿ ಡಬ್ಲ್ಯು. ಎಸ್. ಪ್ಯಾಟನ್ ತೋರಿಸಿದಾಗ, ರೋಗವಾಹಕ ಸಿಕ್ಕಿತೆಂದೇ ಹಲವರು ಭಾವಿಸಿದರು. ಈ ಜಾಡು ಹಿಡಿದು ವರ್ಷಗಟ್ಟಲೆ ಶ್ರಮ ವ್ಯಯವಾಯಿತು. ಕೊನೆಗೆ 1942ರಲ್ಲಿ ಸ್ವಾಮಿನಾಥ್, ಶಾರ್ಟ್ ಮತ್ತು ಆಂಡರ್ಸನ್ ಅವರು ಆ ರೋಗವನ್ನು ಹರಡುವುದು ಮರಳುನೊಣವೆಂದು ಸಾಬೀತುಪಡಿಸಿದರು. ಹಲವು ರೋಗಾಣುಗಳು ತಿಗಣೆಯ ಮೈಯಲ್ಲಿ ಸಿಕ್ಕಿದ್ದರೂ, ಮನೆಯಲ್ಲಿ ಅದು ಮನುಷ್ಯನಿಂದ ಮನುಷ್ಯನಿಗೆ ರೋಗ ದಾಟಿಸುತ್ತದೆಂಬುದು ಈವರೆಗೆ ಸಿದ್ಧವಾಗಿಲ್ಲ. ತುರಿಕೆ, ಕೆರೆದ ಗಾಯದ ಸೋಂಕು, ನಿದ್ರಾಹೀನತೆ ಮತ್ತು ನಾಚಿಕೆ ಇದು ತರುವ ನಿಜವಾದ ತೊಂದರೆಗಳು.

ರಾಸಾಯನಿಕಗಳಿಗಿಂತ ಹಿಂದಿನ ಉಪಾಯಗಳು ನಾಡುನಾಡಿಗೆ ಬೇರೆಯಾದರೂ ತರ್ಕ ಒಂದೇ ಆಗಿತ್ತು. ಕರ್ನಾಟಕದ ಮನೆಗಳಲ್ಲಿ ಹಗ್ಗದ ಮಂಚವನ್ನು ಅಂಗಳಕ್ಕೆ ಎಳೆದು ಕೀಲುಗಳಿಗೆ ಕುದಿಯುವ ನೀರು ಸುರಿಯುವುದು, ಸಂದಿಗಳಿಗೆ ಸೀಮೆಎಣ್ಣೆ ಬಿಡುವುದು, ಹತ್ತಿಯ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಬಡಿಯುವುದು, ಬಜೆ ಬೇರಿನ ಪುಡಿ ಉದುರಿಸುವುದು, ಮಂಚದ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸುವುದು ರೂಢಿಯಲ್ಲಿತ್ತು. ಬಾಲ್ಕನ್ ನಾಡುಗಳಲ್ಲಿ ರಾತ್ರಿ ನೆಲದ ಮೇಲೆ ಹುರುಳಿಕಾಯಿ ಗಿಡದ ಎಲೆಗಳನ್ನು ಹರಡಿ, ಬೆಳಗ್ಗೆ ಅವುಗಳಲ್ಲಿ ಸಿಕ್ಕಿಬಿದ್ದ ತಿಗಣೆಗಳ ಸಮೇತ ಸುಡುತ್ತಿದ್ದರು. ಎಲೆಯ ಮೇಲಿನ ಕೊಕ್ಕೆಯಂಥ ಸೂಕ್ಷ್ಮ ರೋಮಗಳು ಕೀಟದ ಕಾಲನ್ನು ಚುಚ್ಚಿ ಹಿಡಿಯುತ್ತವೆಂದು 1943ರಲ್ಲೂ ಮತ್ತೆ 2013ರಲ್ಲಿ ಕ್ಯಾಲಿಫೋರ್ನಿಯದಲ್ಲೂ ವಿವರಿಸಲಾಯಿತು. ಆದರೆ ಅದೇ ಆಕಾರದ ಕೃತಕ ಹಾಳೆಗಳು ಎಲೆಯಷ್ಟು ಚೆನ್ನಾಗಿ ಹಿಡಿಯಲಿಲ್ಲ. ಯುರೋಪಿನ ಪಟ್ಟಣಗಳಲ್ಲಿ 19ನೆಯ ಶತಮಾನದಲ್ಲಿ ಮರದ ಮಂಚದ ಬದಲು ಕಬ್ಬಿಣದ ಮಂಚ ಬಂದುದು ಅಡಗುತಾಣಗಳನ್ನು ಕಡಿಮೆ ಮಾಡಿತು. ಮುಂದೆ ಗಂಧಕದ ಹೊಗೆಯೂ ಆಮೇಲೆ ಹೈಡ್ರೊಜನ್ ಸಯನೈಡ್ ಎಂಬ ಮಾರಕ ಅನಿಲವೂ ಬಂದುವು. 1930ರ ದಶಕದಲ್ಲಿ ಬ್ರಿಟನ್ನಿನಲ್ಲಿ ಕೊಳೆಗೇರಿಗಳಿಂದ ಹೊಸ ಮನೆಗಳಿಗೆ ಸಾಗುವ ಕುಟುಂಬಗಳ ಸಾಮಾನನ್ನು ಗಾಡಿಯಲ್ಲೇ ಮುಚ್ಚಿ ಈ ಅನಿಲ ಬಿಡುತ್ತಿದ್ದರು; ತಿಗಣೆಯೊಡನೆ ಮನುಷ್ಯರನ್ನೂ ಕೊಲ್ಲಬಲ್ಲ ಈ ವಿಧಾನ ಮನೆಬಳಕೆಗೆ ಎಂದೂ ತಕ್ಕದ್ದಾಗಿರಲಿಲ್ಲ.

1939ರಲ್ಲಿ ಪೌಲ್ ಮ್ಯೂಲರ್ ಡಿಡಿಟಿಯ ಕೀಟನಾಶಕ ಗುಣವನ್ನು ಕಂಡುಹಿಡಿದುದು ಈ ಚರಿತ್ರೆಯ ದೊಡ್ಡ ತಿರುವು. ಒಮ್ಮೆ ಸಿಂಪಡಿಸಿದರೆ ತಿಂಗಳುಗಟ್ಟಲೆ ಗೋಡೆಯಲ್ಲಿ ಉಳಿದು, ತನ್ನ ಮೇಲೆ ನಡೆದ ಕೀಟವನ್ನು ಕೊಲ್ಲುತ್ತಿದ್ದ ಈ ಪುಡಿಯ ಮುಂದೆ, ಬಿರುಕಿನಲ್ಲಿ ಅಡಗುವ ಸ್ವಭಾವವೇ ತಿಗಣೆಗೆ ಮುಳುವಾಯಿತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕ ಮತ್ತು ಯುರೋಪಿನಲ್ಲಿ ಒಂದೆರಡು ದಶಕಗಳಲ್ಲೇ ತಿಗಣೆ ಅಪರೂಪವಾಯಿತು. ಆದರೆ ಈ ಗೆಲುವಿನೊಳಗೇ ಸೋಲಿನ ಬೀಜವಿತ್ತು: ಮ್ಯೂಲರ್‌ಗೆ ನೊಬೆಲ್ ಪ್ರಶಸ್ತಿ ಬಂದ 1948ಕ್ಕೆ ಒಂದು ವರ್ಷ ಮೊದಲೇ, ಹವಾಯಿಯ ಪರ್ಲ್ ಹಾರ್ಬರ್‌ನ ನೌಕಾ ವಸತಿಗಳಲ್ಲಿ ಡಿಡಿಟಿಗೆ ಬಗ್ಗದ ತಿಗಣೆಗಳು ಕಂಡುಬಂದಿದ್ದುವು. ಭಾರತದಲ್ಲಿ 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಮತ್ತು 1958ರಿಂದ ಅದರ ಮುಂದುವರಿಕೆಯಾದ ನಿರ್ಮೂಲನ ಕಾರ್ಯಕ್ರಮದಲ್ಲಿ ಹಳ್ಳಿಹಳ್ಳಿಯ ಗೋಡೆಗಳಿಗೆ ಡಿಡಿಟಿ ಹೊಡೆಯಲಾಯಿತು. ಗುರಿ ಸೊಳ್ಳೆಯಾಗಿದ್ದರೂ ಮನೆಯವರು ಅದನ್ನು ಮೆಚ್ಚಿದ್ದು ಮೊದಲ ವರ್ಷಗಳಲ್ಲಿ ತಿಗಣೆ ಸತ್ತದ್ದಕ್ಕೆ. ಮುಂದೆ ತಿಗಣೆ ಅದಕ್ಕೆ ಒಗ್ಗಿಕೊಂಡಾಗ, ಔಷಧ ತಗುಲಿ ಕೆರಳಿ ಹೊರಬಂದ ಕೀಟಗಳನ್ನು ಕಂಡ ಜನ ಸಿಂಪಡಣೆಯೇ ತಿಗಣೆ ತರುತ್ತದೆಂದು ಬಾಗಿಲು ಹಾಕಿಕೊಂಡ ಸಂದರ್ಭಗಳು ಹಲವು ದೇಶಗಳ ಮಲೇರಿಯಾ ಕಾರ್ಯಕರ್ತರಿಗೆ ಎದುರಾದುವು. ನಂತರ ಬಂದ ಗ್ಯಾಮಕ್ಸೀನ್, ಮ್ಯಾಲಥಿಯಾನ್ ಮತ್ತು ಭಾರತದ ಮನೆಮನೆಗೂ ಗೊತ್ತಿದ್ದ ಟಿಕ್-20 ಇವುಗಳಲ್ಲಿ ಯಾವುದೂ ಕೊನೆಯ ಮಾತಾಗಲಿಲ್ಲ.

1990ರ ದಶಕದ ಕೊನೆಯಿಂದ ಅಮೆರಿಕ, ಬ್ರಿಟನ್ ಮತ್ತು ಆಸ್ಟ್ರೇಲಿಯದಲ್ಲಿ ತಿಗಣೆ ಮರಳಿತು. ಅಗ್ಗವಾದ ವಿಮಾನಯಾನ, ಹಳೆಯ ಪೀಠೋಪಕರಣಗಳ ಮಾರಾಟ ಇವುಗಳ ಪಾತ್ರ ಇದರಲ್ಲಿದ್ದರೂ ಮುಖ್ಯ ಕಾರಣ ಔಷಧಿಗೆ ಬಂದ ನಿರೋಧ. ಸೇವಂತಿಗೆ ಜಾತಿಯ ಹೂವಿನ ವಿಷವನ್ನು ಅನುಕರಿಸಿ ತಯಾರಿಸಿದ ಪೈರೆಥ್ರಾಯ್ಡ್‌ಗಳೇ ಇಂದಿನ ಬಹುತೇಕ ಮನೆಬಳಕೆಯ ಸ್ಪ್ರೇಗಳ ಸತ್ವ. ಇವು ಎರಗುವುದು ಡಿಡಿಟಿ ಎರಗುತ್ತಿದ್ದ ನರದ ಸೋಡಿಯಂ ದ್ವಾರದ ಮೇಲೆಯೇ ಆದುದರಿಂದ, ಆ ದ್ವಾರದಲ್ಲಿ ಮಾರ್ಪಾಟಾದ ತಿಗಣೆ ಎರಡಕ್ಕೂ ಜಗ್ಗುವುದಿಲ್ಲ. ಹೊರಪೊರೆ ದಪ್ಪವಾಗಿ ವಿಷ ಒಳಗಿಳಿಯದಂತೆ ತಡೆಯುವುದನ್ನು 2016ರಲ್ಲಿ ಸಿಡ್ನಿಯ ಸಂಶೋಧಕರು ತೋರಿಸಿದರು. 2023ರ ಶರತ್ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಎದ್ದ ಗಾಬರಿ ಪತ್ರಿಕೆಗಳಿಂದ ಹಿಗ್ಗಿತೆಂಬುದು ನಿಜವಾದರೂ, ಅದರ ಹಿಂದೆ ಎರಡು ದಶಕಗಳ ಈ ಏರಿಕೆ ಇತ್ತು.

ಹೀಗಾಗಿ ಇಂದಿನ ತಜ್ಞರ ಸಲಹೆ ಅಂಗಳದ ಕುದಿನೀರಿಗೇ ಬಹುಮಟ್ಟಿಗೆ ಹಿಂದಿರುಗಿದೆ. 50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೀಟವೂ ಮೊಟ್ಟೆಯೂ ಬೇಗ ಸಾಯುತ್ತವೆ. 48 ಡಿಗ್ರಿಯಲ್ಲಿ ಮೊಟ್ಟೆಗಳಿಗೆ ಒಂದು ಗಂಟೆಗೂ ಮೀರಿದ ಹೊತ್ತು ಬೇಕು. ಬಟ್ಟೆಬರೆಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುವುದು, ಮಂಚದ ಕೀಲುಗಳಿಗೆ ಹಬೆ ಹಾಯಿಸುವುದು, ಹಾಸಿಗೆಗೆ ಜಿಪ್ಪಿನ ಪೂರ್ಣ ಹೊದಿಕೆ ತೊಡಿಸಿ ಒಳಗಿರುವುದನ್ನು ಒಳಗೇ ಸಾಯಿಸುವುದು, ಮೊಟ್ಟೆಗಳು ಆರರಿಂದ ಹತ್ತು ದಿನಗಳಲ್ಲಿ ಒಡೆಯುವುದರಿಂದ ಒಂದೆರಡು ವಾರ ಬಿಟ್ಟು ಮತ್ತೊಮ್ಮೆ ಶೋಧಿಸುವುದು ಈಗಿನ ಕ್ರಮ. ಬಿಸಿಲಿಗೆ ಹಾಕಿದ ದಪ್ಪ ಹಾಸಿಗೆಯ ಒಡಲು ಅಷ್ಟು ಕಾಯುವುದಿಲ್ಲ, ಕೀಟವು ನೆರಳಿನ ಮಗ್ಗುಲಿಗೆ ಸರಿದುಕೊಳ್ಳುತ್ತದೆ. ಸೀಮೆಎಣ್ಣೆಯಾದರೋ ತಿಗಣೆಗಿಂತ ಮನೆಗೇ ಅಪಾಯ. ಮಂಚದ ಕಾಲಿನ ನೀರಿನ ಬಟ್ಟಲಿನ ಕೆಲಸವನ್ನು ಈಗ ನುಣುಪಾದ ಒಳಗೋಡೆಯ ಪ್ಲಾಸ್ಟಿಕ್ ತಟ್ಟೆಗಳು ಮಾಡುತ್ತವೆ, ಒಳಗೆ ಬಿದ್ದ ಕೀಟ ಹತ್ತಿ ಬರಲಾರದೆ ಸಿಕ್ಕಿಬೀಳುತ್ತದೆ. ಇವು ರೂಪುಗೊಂಡದ್ದು ತಂಪು ನಾಡಿನ ಪ್ರಭೇದಕ್ಕಾಗಿ. ಉಷ್ಣವಲಯದ ತಿಗಣೆಯ ಕಾಲಿನಲ್ಲಿ ಅಂಟಿಕೊಳ್ಳುವ ರೋಮಗಳು ಹೆಚ್ಚಿದ್ದು, ಇಂಥ ನುಣುಪು ಗೋಡೆಯನ್ನು ಅದು ಏರಬಲ್ಲದೆಂದು 2017ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದುದರಿಂದ, ಕರ್ನಾಟಕದ ಮನೆಯಲ್ಲಿ ತಟ್ಟೆ ಖಾಲಿಯಿದ್ದ ಮಾತ್ರಕ್ಕೆ ಮಂಚದಲ್ಲಿ ತಿಗಣೆ ಇಲ್ಲವೆಂದು ತೀರ್ಮಾನಿಸಲಾಗದು. ಟಾರ್ಚು ಹಿಡಿದು ಹೊಲಿಗೆಯ ಅಂಚನ್ನು ಬಿಡಿಸಿ ನೋಡಲೇಬೇಕಾಗುತ್ತದೆ.