ಕೂಲಿ ಇದ್ರೆ ಮಾತ್ರ ಔಷಧಿನಾ?



ಇಎಸ್‌ಐ ಯಾರದೋ ದಾನ ಅಲ್ಲ. ಬಾಬಾಸಾಹೇಬರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ, 1944ರಲ್ಲಿ ಅದಾರ್ಕರ್ ಕೊಟ್ಟ ವರದಿಯೇ ಅದರ ಬೇರು. ಕಾಯ್ದೆ ಬಂದದ್ದು 1948ರಲ್ಲಿ. ಅದೇ ವರ್ಷ ಜುಲೈ 5ಕ್ಕೆ ಬ್ರಿಟನ್ ಎನ್‌ಎಚ್‌ಎಸ್ ಶುರು ಮಾಡ್ತು: ಖರ್ಚು ತೆರಿಗೆಯಿಂದ, ಚಿಕಿತ್ಸೆ ಎಲ್ಲರಿಗೂ. ಅಮೆರಿಕದಲ್ಲಿ ಕೋಟಿಗಟ್ಟಲೆ ಜನರ ವಿಮೆ ಇವತ್ತಿಗೂ ಕೆಲಸಕ್ಕೇ ಅಂಟಿಕೊಂಡಿದೆ. ನಮ್ಮ ಇಎಸ್‌ಐಯೂ ಹಾಗೇ.

ಇದರ ಅರ್ಥ ನಮ್ಮ ಬಿನ್ನಿಪೇಟೆಗೆ ಗೊತ್ತು. ಬಿನ್ನಿ ಮಿಲ್ ಈಗಿಲ್ಲ. ಆ ಜಾಗದಲ್ಲಿ ಅಪಾರ್ಟ್‌ಮೆಂಟು, ಮಾಲು. ನಮ್ಮವರು ಗುತ್ತಿಗೆ ಕೂಲಿಗೆ ಬಂದ್ರು. ಕಸ ಗುಡಿಸೋ ನಮ್ಮಕ್ಕನ ಸಂಬಳದಲ್ಲಿ ಗುತ್ತಿಗೆದಾರ ತಿಂಗಳಾ ತಿಂಗಳಾ ಇಎಸ್‌ಐ ಹಣ ಹಿಡಿದ, ಕಟ್ಟಲೇ ಇಲ್ಲ. ಹುಷಾರು ತಪ್ಪಿದ ದಿನ ಗೊತ್ತಾಯ್ತು, ಲೆಕ್ಕದಲ್ಲಿ ಅವಳ ಹೆಸರೇ ಇಲ್ಲ.

ಬಾಬಾಸಾಹೇಬರ ಕಾಲದಲ್ಲಿ ತೆರೆದ ಬಾಗಿಲು ಫ್ಯಾಕ್ಟರಿ ಗೇಟಿಗೇ ನಿಲ್ಲಬಾರದು. ಹುಟ್ಟಿದ ಪ್ರತಿಯೊಬ್ಬರಿಗೂ ಚಿಕಿತ್ಸೆ ಹಕ್ಕಾಗಬೇಕು. ಅಲ್ಲಿವರೆಗೆ ನಿಮ್ಮ ಬೀದಿಯ ಪೌರಕಾರ್ಮಿಕರನ್ನ ಕೇಳಿ: ‘ಅಕ್ಕಾ, ಇಎಸ್‌ಐ ದುಡ್ಡು ಕಟ್ತಿದಾರಾ?’