ಚೂರು ಅರಿವೆಯ ಚರಿತ್ರೆ: ಸವದತ್ತಿ ಸೀಮೆಯ ಕೌದಿ

ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಉಗರಗೋಳದ ಮಗ್ಗುಲಿನಿಂದ ಯಲ್ಲಮ್ಮನ ಗುಡ್ಡಕ್ಕೆ ಸಾಗುವ ಚಕ್ಕಡಿಗಳಲ್ಲಿ ಮೇವಿನ ಮೇಲೆ ಕೌದಿಯನ್ನು ಹರವಿ ಮುದುಕರನ್ನೂ ಮಕ್ಕಳನ್ನೂ ಕೂಡಿಸುವ ರೂಢಿಯು, ಟ್ರ್ಯಾಕ್ಟರುಗಳು ದಾರಿಯನ್ನೆಲ್ಲ ಆಕ್ರಮಿಸಿರುವ ಈ ಕಾಲದಲ್ಲಿಯೂ ಪೂರ್ತಿಯಾಗಿ ಅಳಿದಿಲ್ಲ. ಹಗಲು ಆಸನವಾದ ಆ ವಸ್ತುವೇ ಇರುಳು ಬಯಲಿನ ಬಿಡಾರದಲ್ಲಿ ಹಾಸಿಗೆಯೂ ಹೊದಿಕೆಯೂ ಆಗುವದು. ಈ ಸೀಮೆಯ ಜನರು ಉಟ್ಟ ಇಳಕಲ್ಲ ಸೀರೆ, ತೊಟ್ಟ ಗುಳೇದಗುಡ್ಡದ ಖಣ, ಸೆರಗಿನ ಮೇಲಿನ ಕಸೂತಿ, ನೆರೆಯ ನವಲಗುಂದದ ಜಮಖಾನೆ ಇವೆಲ್ಲವುಗಳಿಗೂ ವಿದ್ವಾಂಸರ ಲೇಖನಿಯ ಗೌರವವು ಸಂದಿದೆ. ಕೌದಿಯಾದರೋ ಇವುಗಳಲ್ಲಿ ಕೆಲವು ಜೀರ್ಣವಾಗಿ ಹರಿದ ಮೇಲೆ ಜನಿಸುವಂಥದು, ತಾನೂ ಹರಿಯುವವರೆಗೆ ದುಡಿದು ಕಡೆಗೆ ಎತ್ತಿನ ಬೆನ್ನಿಗೋ ಹಗೇವಿನ ಬಾಯಿಗೋ ಹೋಗುವಂಥದು. ಹಳೆಯ ಕೌದಿಗಳು ಉಳಿಯದಿರುವದರಿಂದಲೇ ಅದರ ಚರಿತ್ರೆಯನ್ನು ಬರೆಯುವದು ಕಷ್ಟ. ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು: ಸೂಜಿಯ ವಿದ್ಯೆಯು ಬಹುಮಟ್ಟಿಗೆ ನಿಂತಲ್ಲಿಯೇ ನಿಂತಿರಲು, ಕೈಗೆ ಸಿಕ್ಕ ಅರಿವೆಯು ಬದಲಾದಂತೆಲ್ಲ ಕೌದಿಯು ಬದಲಾಗುತ್ತ ಬಂದಿತು.

ಚೂರುಗಳನ್ನು ಜೋಡಿಸಿ ಹೊಲಿಯುವ ಕಲೆಯ ಪ್ರಾಚೀನತೆಗೆ ಬೌದ್ಧರ ವಿನಯಪಿಟಕದಲ್ಲಿ ಒಂದು ಸೊಗಸಾದ ಸಾಕ್ಷಿಯುಂಟು. ಮಗಧದ ಗದ್ದೆಗಳು ಬದುಗಳಿಂದ ಚೌಕ ಚೌಕವಾಗಿ ವಿಭಾಗಗೊಂಡಿರುವದನ್ನು ಕಂಡ ಬುದ್ಧನು, ಭಿಕ್ಷುಗಳ ಚೀವರವನ್ನು ಅದೇ ಕ್ರಮದಲ್ಲಿ ತುಂಡುಗಳಿಂದ ರಚಿಸುವಂತೆ ಆನಂದನಿಗೆ ಸೂಚಿಸಿದನೆಂದು ಮಹಾವಗ್ಗವು ಹೇಳುತ್ತದೆ. ಚೀನದ ದುನ್‌ಹುವಾಂಗದ ಗುಹೆಯಲ್ಲಿ ಮುಚ್ಚಿಹೋಗಿದ್ದ ಗ್ರಂಥಭಾಂಡಾರಕ್ಕೆ 1907ರಲ್ಲಿ ಪ್ರವೇಶ ಪಡೆದ ಆರೆಲ್ ಸ್ಟೈನನಿಗೆ, ಸಾವಿರ ವರ್ಷಗಳಷ್ಟು ಹಿಂದಿನ ರೇಷ್ಮೆಯ ಚೂರುಗಳನ್ನು ಕೂಡಿಸಿ ಹೊಲಿದ ವಸ್ತ್ರವೂ ದೊರೆಯಿತು. ಅಂದಮಾತ್ರಕ್ಕೆ ನಮ್ಮ ಕೌದಿಯನ್ನು ಚೀವರದ ಸಂತಾನವೆಂದು ಸಾಧಿಸಹೊರಡುವದು ಪಾಂಡಿತ್ಯದ ವ್ಯಸನವಾದೀತು. ಬಡತನವೂ ಚಳಿಯೂ ಇದ್ದಲ್ಲೆಲ್ಲ ಈ ಕಲೆಯು ತನ್ನಷ್ಟಕ್ಕೆ ತಾನೇ ಹುಟ್ಟಿಕೊಳ್ಳಬಲ್ಲದು.

ಕೌದಿಯ ನಿರ್ಮಾಣಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಾರಿಸಿದ ಪಡಸಾಲೆಯ ನೆಲದ ಮೇಲೆ ಒಂದು ಹಳೆಯ ಸೀರೆಯನ್ನು ಸುಕ್ಕಿಲ್ಲದಂತೆ ಹರವಿ, ಮೂಲೆಗಳಿಗೆ ಕಲ್ಲನ್ನೋ ತಂಬಿಗೆಯನ್ನೋ ಇಟ್ಟು, ಅದರ ಮೇಲೆ ಸವೆದ ಧೋತರ, ಹರಕು ರುಮಾಲು, ಮತ್ತಿನ್ನೇನಿದ್ದರೆ ಅದು, ಹೀಗೆ ಪದರು ಪದರಾಗಿ ಹಾಸುವರು. ಎಲ್ಲಕ್ಕೂ ಮೇಲೆ ಬರುವವು ಚೂರುಗಳು. ಪ್ರತಿಯೊಂದು ಚೂರಿನ ಅಂಚನ್ನೂ ಉಗುರಿನಿಂದ ಒತ್ತಿ ಒಳಕ್ಕೆ ಮಡಿಚಿ, ಒಂದರ ಮಗ್ಗುಲಿಗೆ ಮತ್ತೊಂದನ್ನಿಟ್ಟು, ಎಲ್ಲ ಪದರುಗಳನ್ನೂ ಹಿಡಿಯುವಂತೆ ಸಾದಾ ಓಟದ ಹೊಲಿಗೆಯನ್ನು ಹಾಕುತ್ತ ಹೋಗುವರು. ಹೊಲಿಗೆಯು ಅಂಚಿನಿಂದ ಮೊದಲಾಗಿ ಸುತ್ತಲೂ ಸಾಲು ಸಾಲಾಗಿ ಬಂದು ನಡುವಿನಲ್ಲಿ ಮುಗಿಯುವದು. ಪಾಶ್ಚಾತ್ಯರು ಸಾಮಾನ್ಯವಾಗಿ ವಸ್ತ್ರವನ್ನು ಚೌಕಟ್ಟಿನಲ್ಲಿ ಬಿಗಿದು ಹೊಲಿಯುವರಾದರೆ, ಇಲ್ಲಿ ನೆಲವೇ ಚೌಕಟ್ಟು, ಹೊಲಿಯುವವಳು ವಸ್ತ್ರದ ಮೇಲೆಯೇ ಕುಳಿತು ಅದನ್ನು ತನ್ನ ಭಾರದಿಂದ ಬಿಗಿಹಿಡಿಯುವಳು. ಒಗೆದ ಬಳಿಕ ಕೌದಿಯ ಮೈಮೇಲೆ ಏಳುವ ತೆರೆತೆರೆಯಾದ ಸಣ್ಣ ನಿರಿಗೆಗಳು ಈ ಸಾಲು ಹೊಲಿಗೆಯ ಫಲ. ಅವನ್ನು ದೋಷವೆಂದೆಣಿಸುವವರಿಗೆ ಕೌದಿಯ ರುಚಿ ತಿಳಿಯದು.

ಚೂರುಗಳ ವಿನ್ಯಾಸದಲ್ಲಿ ಮೂಲರೂಪಗಳು ಎರಡೇ, ಚೌಕ ಮತ್ತು ಮುಮ್ಮೂಲೆ. ಅಂಗೈಯಗಲದ ಒಂಬತ್ತು ಚೌಕಗಳನ್ನು ಸಾಲಿಗೆ ಮೂರರಂತೆ, ಒಂದು ಗಾಢವರ್ಣ ಒಂದು ತಿಳಿವರ್ಣವಾಗುವಂತೆ ಕೂಡಿಸಿದರೆ ಎಳೆಯ ಹುಡುಗಿಯೂ ಮಾಡಬಲ್ಲ ಮೊದಲ ಮನೆ ಸಿದ್ಧವಾಗುವದು. ಚೌಕವನ್ನು ಮೂಲೆಯಿಂದ ಮೂಲೆಗೆ ಸೀಳಿದರೆ ಮುಮ್ಮೂಲೆ ಬರುವದಾದರೂ ಅಲ್ಲಿ ತೊಡಕೊಂದುಂಟು: ಓರೆಯಾಗಿ ಕತ್ತರಿಸಿದ ಅಂಚು ಎಳೆದರೆ ಜಗ್ಗುವದು. ಅದಕಾರಣ ಬಲ್ಲವಳು ಓರೆಯ ಅಂಚುಗಳನ್ನು ಒಂದಕ್ಕೊಂದು ಮೊದಲು ಹೊಲಿದು, ನೇರವಾದ ಅಂಚುಗಳು ಹೊರಗೆ ಬರುವಂತೆ ನೋಡಿಕೊಳ್ಳುವಳು. ಕೂಸಿನ ಕುಂಚಿಗೆಯಲ್ಲಿ ಖಣದ ಚೂರುಗಳಿಂದಾದ ಮುಮ್ಮೂಲೆಗಳ ಸಾಲನ್ನು ನೋಡಿದವರಿಗೆ, ಈ ಲೆಕ್ಕಾಚಾರವು ಅಕ್ಷರವಿಲ್ಲದ ಕೈಗಳಿಗೆ ಎಷ್ಟು ಸಹಜವಾಗಿತ್ತೆಂಬದು ಮನವರಿಕೆಯಾಗುವದು.

ಮನೆಯ ಹೆಂಗಸರಲ್ಲದೆ, ಊರೂರು ತಿರುಗುತ್ತ ಕೌದಿ ಹೊಲಿದುಕೊಡುವ ವೃತ್ತಿಯವರೂ ಈ ಭಾಗದಲ್ಲುಂಟು. ಅಂಬಾಭವಾನಿಯ ಹೆಸರಿನಲ್ಲಿ ಗೊಂದಳ ಹಾಕುವ ಗೊಂದಳಿಗರ ಮನೆತನದ ಸ್ತ್ರೀಯರು ಈ ಕೆಲಸದಲ್ಲಿ ನಿಪುಣೆಯರೆಂದು ಹೆಸರಾದವರು. ಅರಿವೆಯು ಮನೆಯವರದು, ಕೈಚಳಕ ಅವರದು. ಕೂಲಿಯು ಹಿಂದೆ ಜೋಳ, ಊಟ, ಹಳೆಯ ಸೀರೆ ಇವುಗಳ ರೂಪದಲ್ಲಿ ಸಲ್ಲುತ್ತಿತ್ತು, ಈಗ ರೊಕ್ಕ. ಗಂಡಸರ ಗೊಂದಳವನ್ನು ಜಾನಪದ ಸಂಗ್ರಾಹಕರು ಧ್ವನಿಮುದ್ರಿಸಿಕೊಂಡಷ್ಟು ಆಸ್ಥೆಯಿಂದ ಹೆಂಗಸರ ಹೊಲಿಗೆಯನ್ನು ಗಮನಿಸಲಿಲ್ಲವೆಂಬದು ನನ್ನ ಆಕ್ಷೇಪ.

ಇನ್ನು ಅರಿವೆಯ ಮಾತು. ಮಲಪ್ರಭೆಯ ಇಕ್ಕೆಲದ ಎರೆನೆಲವು ಹತ್ತಿಯ ನೆಲ. ಬೈಲಹೊಂಗಲವು ಹತ್ತಿಯ ಪೇಟೆ. ಕೈಮಗ್ಗದ ಕಾಲದಲ್ಲಿ ಅರಿವೆಯು ದುಬಾರಿಯಾಗಿದ್ದುದರಿಂದ ಚೂರನ್ನು ಎಸೆಯುವ ಮಾತೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿಲಾಯತಿಯ ಗಿರಣಿಯ ಬಟ್ಟೆಯೂ ತರುವಾಯ ಮುಂಬಯಿಯದೂ ಸಂತೆಗೆ ಇಳಿದವು. 1887ರಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿಯೇ ತಿರುಗತೊಡಗಿತು. ಹೊಲಿಗೆಯ ಯಂತ್ರವು ಊರ ಪೇಟೆಗೆ ಬಂದಮೇಲೆ ಸಿಂಪಿಗರ ಅಂಗಡಿಯಲ್ಲಿ ಹೊಸ ಅರಿವೆಯ ಕತ್ತರಿಕೆಗಳು ರಾಶಿಬಿದ್ದವು. ಅದುವರೆಗೆ ಸವೆದ ಬಟ್ಟೆಯ ಮಾಸಲು ಬಣ್ಣಗಳಿಂದ ಕೂಡಿದ್ದ ಕೌದಿಗೆ, ಚಿಟ್ಟು ಚಿಟ್ಟಾದ ಹೊಸ ಬಣ್ಣವು ಬಂದದ್ದು ಹೀಗೆ. ಆದರೆ ಹೊಸ ಹತ್ತಿಯ ಬಟ್ಟೆಯು ಒಗೆದಾಗ ಕುಗ್ಗುವಂಥದು, ಹಳೆಯದು ಕುಗ್ಗಿ ಮುಗಿದಂಥದು. ನೀರಿನಲ್ಲಿ ನೆನೆಸದೆ ಎರಡನ್ನೂ ಕೂಡಿಸಿದ ಕೌದಿಯು ಮೊದಲ ಒಗೆತಕ್ಕೇ ಮುದುರುವದು.

ಅದಕ್ಕಿಂತ ದೊಡ್ಡ ಪಲ್ಲಟವನ್ನು ತಂದದ್ದು ಟೆರಿಲಿನ್ ಟೆರಿಕಾಟುಗಳು. ಉಗುರಿನಿಂದ ಒತ್ತಿದರೆ ಈ ಅರಿವೆಯ ಮಡಿಕೆ ನಿಲ್ಲದು, ಜಾರುವದು, ಬೆವರನ್ನು ಹೀರದು, ಆದರೆ ಹರಿಯದು, ಬಣ್ಣ ಬಿಡದು. ಇಂದಿನ ಹಳ್ಳಿಯ ಕೌದಿಗಳಲ್ಲಿ ಪಾಲಿಯೆಸ್ಟರ್ ಸೀರೆಯೇ ಹೆಚ್ಚು. ಅವು ನೋಡಲು ಝಗಝಗಿಸಿದರೂ ಬೇಸಗೆಯ ಇರುಳಿನಲ್ಲಿ ಮೈಗೆ ಸೇರುವದಿಲ್ಲ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಬ್ಲ್ಯಾಂಕೆಟ್ಟುಗಳ ಎದುರು ಕೌದಿಯು ಹಿಂಜರಿದದ್ದಕ್ಕೆ ಫ್ಯಾಶನ್ನಿನಷ್ಟೇ ಇದೂ ಕಾರಣ.

ಅಧ್ಯಯನದ ಇತಿಹಾಸವು ಬೇರೊಂದು ಕಥೆ. ಬಂಗಾಲದ ಕೌದಿಯಾದ ಕಾಂಥಾಕ್ಕೆ ಗುರುಸದಯ ದತ್ತರಂಥ ಸಂಗ್ರಾಹಕರು ದೊರೆತರು. 1939ರಲ್ಲಿಯೇ ಸ್ಟೆಲ್ಲಾ ಕ್ರಾಮ್ರಿಷ್ ಅದರ ಮೇಲೆ ವಿದ್ವತ್ಪೂರ್ಣ ಲೇಖನ ಬರೆದರು. ಮಹಾರಾಷ್ಟ್ರದ ಗೋಧಡಿಗಳ ಬಗ್ಗೆ ಗೀತಾ ಖಂಡೇಲವಾಲರು ಗ್ರಂಥ ರಚಿಸಿದರು. ಕರ್ನಾಟಕದಲ್ಲಿ ಜಗತ್ತಿನ ಗಮನ ಸೆಳೆದವರು ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಿನ ಸಿದ್ದಿ ಸ್ತ್ರೀಯರು. ಕವಂದವೆಂದು ಅವರು ಕರೆಯುವ ಕೌದಿಯ ನಾಲ್ಕು ಮೂಲೆಗಳಲ್ಲಿ ಮಡಿಚಿದ ಚೂರುಗಳ ‘ಫೂಲ’ ಇರಲೇಬೇಕು. ಇಲ್ಲದಿದ್ದರೆ ಅದು ಬತ್ತಲೆಯೆಂದು ಅವರ ಭಾವನೆ. ಅಮೆರಿಕೆಯ ಕಲೇತಿಹಾಸಕಾರ ಹೆನ್ರಿ ಡ್ರೂವಲರ ನೆರವಿನಿಂದ 2004ರಲ್ಲಿ ಸಿದ್ದಿ ಸ್ತ್ರೀಯರ ಕೌದಿ ಸಹಕಾರ ಸಂಘವು ಸ್ಥಾಪನೆಯಾಗಿ, ಅವರ ಕೃತಿಗಳು ಸಾಗರದಾಚೆ ಪ್ರದರ್ಶನಗೊಂಡವು. ಆ ಹೊತ್ತಿಗಾಗಲೇ ಅಲಬಾಮಾದ ಜೀಸ್ ಬೆಂಡ್ ಗ್ರಾಮದ ಕರಿಯ ಸ್ತ್ರೀಯರ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನಲ್ಲಿಯೂ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿಯೂ ಗೋಡೆಯೇರಿದ್ದವು, ಮುಂದೆ 2006ರಲ್ಲಿ ಅಂಚೆಚೀಟಿಗಳ ಮೇಲೂ ಮೂಡಿದವು.

ನಮ್ಮ ಗುಡ್ಡದ ನೆರಳಿಗೆ ಸಂಬಂಧಿಸಿದ ಉಲ್ಲೇಖವೊಂದು ಸುಧಾ ಮೂರ್ತಿಯವರ 2017ರ ಗ್ರಂಥದಲ್ಲಿದೆ. ಯಲ್ಲಮ್ಮನ ಹೆಸರಿನ ದೇವದಾಸಿ ಪದ್ಧತಿಯಿಂದ ಹೊರಬಂದ ಮೂರು ಸಾವಿರ ಸ್ತ್ರೀಯರು ಒಬ್ಬೊಬ್ಬರು ಒಂದೊಂದು ಹೊಲಿಗೆಯಂತೆ ಹಾಕಿ ಲೇಖಕಿಗೆ ಹೊದಿಕೆಯೊಂದನ್ನು ಕಾಣಿಕೆಯಾಗಿತ್ತರು. ಪುಸ್ತಕದ ಹೆಸರಿಗೂ ಅದೇ ಮೂಲ. ಇಷ್ಟು ಪ್ರಸಿದ್ಧಿ ಪಡೆದ ಹೊದಿಕೆಯು ಈ ಪ್ರಾಂತದಲ್ಲಿ ಮತ್ತೊಂದಿಲ್ಲ.

ಇತ್ತೀಚೆಗೆ ಪಟ್ಟಣಗಳ ಅಂಗಡಿಗಳಲ್ಲಿ ಹೊಸ ಬಟ್ಟೆಯನ್ನೇ ಅಳೆದು ಕತ್ತರಿಸಿ ಯಂತ್ರದಿಂದ ಹೊಲಿದ ಕೌದಿಗಳು ದೊಡ್ಡ ಬೆಲೆಗೆ ಮಾರುತ್ತಿವೆ. ಅವು ಅಂದವಾಗಿವೆ, ಹೊಲಿದವರಿಗೆ ನಾಲ್ಕು ಕಾಸನ್ನೂ ಕೊಡುತ್ತಿವೆ. ಅವನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಹಳತನ್ನು ದಾಖಲಿಸುವ ಕೆಲಸವು ಅಂಗಡಿಗಳಿಂದ ಆಗತಕ್ಕದ್ದಲ್ಲ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವು ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರುಗಳ ಕೌದಿಗಳನ್ನು ಊರೂರು ಸುತ್ತಿ ಚಿತ್ರಸಹಿತ ಪಟ್ಟಿಮಾಡಿಸಬೇಕು. ಅಲ್ಲಿಯವರೆಗೆ ವಾಚಕರಲ್ಲಿ ಒಂದು ವಿಜ್ಞಾಪನೆ: ದಸರೆಗೆ ಮುಂಚೆ ಹಾಸಿಗೆಗಳನ್ನು ಹಳ್ಳಕ್ಕೆ ಒಯ್ಯುವಾಗ ಮನೆಯ ಹಿರಿಯರನ್ನು ಕೇಳಿ, ಕೌದಿಯನ್ನು ಹೊಲಿದವಳ ಹೆಸರು, ಹೊಲಿದ ವರ್ಷ, ಯಾರ ಸೀರೆ ಯಾರ ಧೋತರವೆಂಬ ವಿವರ ಇಷ್ಟನ್ನು ಒಂದು ಚೂರು ಅರಿವೆಯ ಮೇಲೆ ಬರೆದು ಅದರ ಹಿಂಬದಿಗೆ ಹೊಲಿದಿಡಿರಿ.